ಮೊಬೈಲ್ ಬ್ರೌಸರ್ ಎಂಜಿನ್ ನಿರ್ಬಂಧ

ಮೊಬೈಲ್ ಬ್ರೌಸರ್ ಎಂಜಿನ್ ನಿರ್ಬಂಧ ಎಂದರೆ ಮೊಬೈಲ್ ಸಾಧನವೊಂದರ ಕಾರ್ಯಾಚರಣ ವ್ಯವಸ್ಥೆಯ ಒಡೆತನವುಳ್ಳ ಕಂಪನಿಯು, ಆ ಸಾಧನದಲ್ಲಿ ತನ್ನ ಎಂಜಿನ್ ಹೊರತು ಬೇರಾವ ಬ್ರೌಸರ್ ಎಂಜಿನ್ ಕೂಡ ಕೆಲಸ ಮಾಡದಂತೆ ನಿಯಮದಿಂದಲೋ ತಾಂತ್ರಿಕ ತಡೆಯಿಂದಲೋ ವಿಧಿಸುವ ಕಟ್ಟುಪಾಡು. ಇದರ ಪ್ರಮುಖ ಉದಾಹರಣೆ ಅಮೆರಿಕದ ಆಪಲ್ ಕಂಪನಿಯ ಐಒಎಸ್. ಐಫೋನಿನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೊದಲಾದ ಹೆಸರುಗಳ ಬ್ರೌಸರುಗಳು ದೊರೆಯುತ್ತವೆಯಾದರೂ ಅವುಗಳ ಒಳಗೆ ಜಾಲಪುಟಗಳನ್ನು ಓದಿ ತೋರಿಸುವುದು ಆಪಲ್‌ನದೇ ಆದ ವೆಬ್‌ಕಿಟ್. ಯುರೋಪಿಯನ್ ಒಕ್ಕೂಟದಲ್ಲಿ 2024ರ ಮಾರ್ಚ್‌ನಿಂದಲೂ ಜಪಾನಿನಲ್ಲಿ 2025ರ ಡಿಸೆಂಬರ್‌ನಿಂದಲೂ ಇಂತಹ ನಿರ್ಬಂಧಕ್ಕೆ ಕಾನೂನಿನ ತಡೆಯಿದೆ. ಭಾರತದಲ್ಲಿ ಅಂತಹ ಕಾನೂನು ಇಲ್ಲ.

ಬ್ರೌಸರ್ ಮತ್ತು ಎಂಜಿನ್

ಸಾಮಾನ್ಯ ಬಳಕೆದಾರರು ಬ್ರೌಸರ್ ಎಂದು ಕರೆಯುವ ತಂತ್ರಾಂಶದಲ್ಲಿ ಎರಡು ಭಾಗಗಳಿವೆ. ಕಣ್ಣಿಗೆ ಕಾಣುವ ವಿಳಾಸ ಪಟ್ಟಿ, ಗುಂಡಿಗಳು, ಪುಟಗುರುತುಗಳು, ಗುಪ್ತಪದಗಳ ಸಂಗ್ರಹ ಇವೆಲ್ಲ ಹೊರಭಾಗ. ಜಾಲತಾಣದಿಂದ ಬಂದ ಎಚ್‌ಟಿಎಂಎಲ್, ಸಿಎಸ್‌ಎಸ್ ಹಾಗೂ ಜಾವಾಸ್ಕ್ರಿಪ್ಟ್ ಸಂಕೇತಗಳನ್ನು ಓದಿ, ಅರ್ಥೈಸಿ, ಪರದೆಯ ಮೇಲೆ ಪುಟವಾಗಿ ಮೂಡಿಸುವುದು ಒಳಭಾಗ, ಅದೇ ಎಂಜಿನ್. ಪುಟ ಎಷ್ಟು ಬೇಗ ತೆರೆಯುತ್ತದೆ, ಯಾವ ಸೌಲಭ್ಯಗಳು ಅದರಲ್ಲಿ ಕೆಲಸ ಮಾಡುತ್ತವೆ, ದುರುದ್ದೇಶದ ಸಂಕೇತದಿಂದ ಸಾಧನ ಎಷ್ಟು ಸುರಕ್ಷಿತ ಎಂಬುದೆಲ್ಲ ಬಹುಮಟ್ಟಿಗೆ ಎಂಜಿನ್ನನ್ನೇ ಅವಲಂಬಿಸಿದೆ. ಐಫೋನಿನಲ್ಲಿ ಬ್ರೌಸರ್ ಬದಲಿಸುವುದೆಂದರೆ ಒಂದೇ ಪುಸ್ತಕಕ್ಕೆ ಬೇರೆ ರಟ್ಟು ಹಾಕಿಸಿದಂತೆ ಎಂಬ ಟೀಕೆ ಹುಟ್ಟಿರುವುದು ಈ ಕಾರಣದಿಂದ. ರಟ್ಟಿಗೂ ಅದರದೇ ಬೆಲೆಯಿದೆ ಎಂಬುದು ನಿಜ. ಒಂದು ಬ್ರೌಸರಿನಲ್ಲಿ ಉಳಿಸಿದ ಪುಟಗುರುತು, ಗುಪ್ತಪದಗಳು ಅದೇ ಹೆಸರಿನ ಬ್ರೌಸರ್ ಇರುವ ಗಣಕದಲ್ಲಿಯೂ ದೊರೆಯುವುದು ಅನೇಕರಿಗೆ ಸಾಕಷ್ಟು ಅನುಕೂಲ.

ಇಂದು ವ್ಯಾಪಕ ಬಳಕೆಯಲ್ಲಿ ಉಳಿದಿರುವ ಎಂಜಿನ್‌ಗಳು ಮೂರು: ಆಪಲ್‌ನ ವೆಬ್‌ಕಿಟ್, ಗೂಗಲ್ ಮುಂದಾಳತ್ವದ ಬ್ಲಿಂಕ್, ಮೊಜಿಲ್ಲಾದ ಗೆಕೊ. ಇವುಗಳಲ್ಲಿ ಮೊದಲೆರಡು ಒಂದೇ ಕುಲದವು. ಕೆಡಿಇ ಎಂಬ ಸ್ವಯಂಸೇವಕ ಸಮುದಾಯವು ರೂಪಿಸಿದ ಕೆಎಚ್‌ಟಿಎಂಎಲ್ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿ ಆಪಲ್ ವೆಬ್‌ಕಿಟ್ಟನ್ನು ಕಟ್ಟಿ, 2003ರ ಜನವರಿಯಲ್ಲಿ ಸಫಾರಿ ಬ್ರೌಸರಿನೊಡನೆ ಹೊರತಂದಿತು. 2008ರಲ್ಲಿ ಗೂಗಲ್ ತನ್ನ ಕ್ರೋಮ್‌ಗೆ ಇದೇ ವೆಬ್‌ಕಿಟ್ಟನ್ನು ಆರಿಸಿಕೊಂಡು, 2013ರಲ್ಲಿ ಕವಲೊಡೆದು ಬ್ಲಿಂಕ್ ಎಂಬ ಹೆಸರಿಟ್ಟಿತು. ಅದೇ ವರ್ಷ ಒಪೆರಾ ತನ್ನ ಸ್ವಂತ ಎಂಜಿನ್ ಪ್ರೆಸ್ಟೊವನ್ನು ಕೈಬಿಟ್ಟಿತು. ಹೆಸರಿಗೂ ಒಳಗಿನ ಯಂತ್ರಕ್ಕೂ ಇರುವ ಅಂತರವನ್ನು ತೋರಿಸಲು ಮೈಕ್ರೋಸಾಫ್ಟ್ ಎಡ್ಜ್‌ಗಿಂತ ಒಳ್ಳೆಯ ನಿದರ್ಶನವಿಲ್ಲ. 2017ರಲ್ಲಿ ಅದು ಮೊಬೈಲುಗಳಿಗೆ ಬಂದಾಗ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನದೇ ಎಂಜಿನ್, ಆಂಡ್ರಾಯ್ಡ್‌ನಲ್ಲಿ ಬ್ಲಿಂಕ್, ಐಫೋನಿನಲ್ಲಿ ವೆಬ್‌ಕಿಟ್ ಹೀಗೆ ಒಂದೇ ಹೆಸರಿನ ಅಡಿಯಲ್ಲಿ ಮೂರು ಯಂತ್ರಗಳಿದ್ದವು.

ನಿಯಮದ ಹಿನ್ನೆಲೆ

2007ರಲ್ಲಿ ಐಫೋನ್ ಬಿಡುಗಡೆಯಾದಾಗ ಅದರಲ್ಲಿ ಹೊರಗಿನವರ ಆ್ಯಪ್‌ಗಳಿಗೆ ಅವಕಾಶವೇ ಇರಲಿಲ್ಲ. ಆ ವರ್ಷದ ಜೂನ್‌ನಲ್ಲಿ ನಡೆದ ತಂತ್ರಾಂಶ ತಯಾರಕರ ಸಮಾವೇಶದಲ್ಲಿ ಆಪಲ್‌ನ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್, ಸಫಾರಿಯಲ್ಲಿ ತೆರೆಯುವ ಜಾಲ ಆ್ಯಪ್‌ಗಳನ್ನೇ ರಚಿಸುವಂತೆ ಸೂಚಿಸಿದ್ದರು. ತಯಾರಕರ ಒತ್ತಾಯ ಹೆಚ್ಚಿದ ಮೇಲೆ 2008ರ ಜುಲೈಯಲ್ಲಿ ಆ್ಯಪ್ ಸ್ಟೋರ್ ತೆರೆಯಿತು. ಮುಂದೆ ಜಾಲ ಆ್ಯಪ್‌ಗಳನ್ನು ಕಡೆಗಣಿಸಿದ ಆರೋಪ ಇದೇ ಕಂಪನಿಯ ಮೇಲೆ ಬಂದಿತೆಂಬುದು ಈ ಇತಿಹಾಸದ ಒಂದು ವಿಪರ್ಯಾಸ.

ಅಂತರಜಾಲದಿಂದ ಇಳಿಸಿಕೊಂಡ ಸಂಕೇತವನ್ನು ಆಪಲ್‌ನ ಸ್ವಂತ ವ್ಯವಸ್ಥೆಯ ಹೊರತಾಗಿ ಬೇರೆ ವಿಧಾನದಿಂದ ಚಲಾಯಿಸಬಾರದೆಂಬ ಷರತ್ತು ತಯಾರಕರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಮೊದಲಿನಿಂದ ಇತ್ತು. ಜಾಲಪುಟಗಳೆಲ್ಲ ಜಾವಾಸ್ಕ್ರಿಪ್ಟನ್ನು ಹೊತ್ತು ತರುವುದರಿಂದ ಈ ಷರತ್ತೇ ಬೇರೆ ಎಂಜಿನ್‌ಗಳಿಗೆ ಬಾಗಿಲು ಮುಚ್ಚಿತು. 2010ರ ಸೆಪ್ಟೆಂಬರ್‌ನಲ್ಲಿ ಆ್ಯಪ್ ಸ್ಟೋರಿನ ಪರಿಶೀಲನಾ ಸೂತ್ರಗಳು ಮೊದಲ ಬಾರಿಗೆ ಪ್ರಕಟವಾದಾಗ ವಿಷಯ ನೇರವಾಗಿ ಬರಹಕ್ಕಿಳಿಯಿತು: ಜಾಲವನ್ನು ವೀಕ್ಷಿಸುವ ಆ್ಯಪ್‌ಗಳು ವೆಬ್‌ಕಿಟ್ ಚೌಕಟ್ಟನ್ನೂ ವೆಬ್‌ಕಿಟ್‌ನ ಜಾವಾಸ್ಕ್ರಿಪ್ಟನ್ನೂ ಬಳಸತಕ್ಕದ್ದು. ಈಗ ಅದೇ ಸೂತ್ರ 2.5.6 ಎಂಬ ಸಂಖ್ಯೆಯಲ್ಲಿದೆ. 1990ರ ದಶಕದ ಬ್ರೌಸರ್ ಸಮರದಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ವಿಂಡೋಸ್ ಜೊತೆಗೆ ಕಟ್ಟಿಕೊಟ್ಟದ್ದಕ್ಕಾಗಿ 1998ರಲ್ಲಿ ಅಮೆರಿಕ ಸರ್ಕಾರದ ಮೊಕದ್ದಮೆಯನ್ನು ಎದುರಿಸಿತು; ಆದರೆ ಅದು ಕೂಡ ನೆಟ್‌ಸ್ಕೇಪ್‌ನ ಎಂಜಿನ್ನನ್ನು ವಿಂಡೋಸ್‌ನಲ್ಲಿ ನಿಷೇಧಿಸಿರಲಿಲ್ಲ.

ನಿಯಮದೊಂದಿಗೆ ತಾಂತ್ರಿಕ ತಡೆಯೂ ಇದೆ. ಆಧುನಿಕ ಎಂಜಿನ್‌ಗಳು ಜಾವಾಸ್ಕ್ರಿಪ್ಟನ್ನು ಸಾಲುಸಾಲಾಗಿ ಓದಿ ನಡೆಸುವ ಬದಲು, ಪುಟ ತೆರೆದ ಕ್ಷಣದಲ್ಲಿಯೇ ಯಂತ್ರಭಾಷೆಗೆ ಮಾರ್ಪಡಿಸಿ ವೇಗ ಗಳಿಸುತ್ತವೆ. ಇದಕ್ಕೆ ಜಿಟ್ ಅನುವಾದ ಎಂದು ಹೆಸರು. ಇದು ಸಾಧ್ಯವಾಗಬೇಕಾದರೆ, ಆ್ಯಪ್ ತಾನೇ ಆಗತಾನೆ ಬರೆದ ಸಂಕೇತವನ್ನು ಸ್ಮೃತಿಯಲ್ಲಿ ಚಲಾಯಿಸಲು ಕಾರ್ಯಾಚರಣ ವ್ಯವಸ್ಥೆಯ ಅನುಮತಿ ಬೇಕು. ಐಒಎಸ್ ಆ ಅನುಮತಿಯನ್ನು ತನ್ನ ಎಂಜಿನ್‌ಗೆ ಮಾತ್ರ ಕೊಡುತ್ತಿತ್ತು. 2011ರ ಮಾರ್ಚ್‌ನಲ್ಲಿ ಬಂದ ಐಒಎಸ್ 4.3ರಲ್ಲಿ ಸಫಾರಿಗೆ ಈ ವೇಗ ದೊರೆಯಿತಾದರೂ ಅದೇ ವೆಬ್‌ಕಿಟ್ಟನ್ನು ಬಳಸುತ್ತಿದ್ದ ಇತರ ಆ್ಯಪ್‌ಗಳಿಗೆ ದೊರೆಯಲಿಲ್ಲ. 2014ರ ಐಒಎಸ್ 8ರವರೆಗೂ ಇದೇ ಸ್ಥಿತಿ. ಪಂದ್ಯದಲ್ಲಿ ಸ್ಪರ್ಧಿಗೆ ತನ್ನ ಕುದುರೆಯನ್ನು ತರಬೇಡವೆಂದು ಹೇಳಿ, ತಾನು ಕೊಟ್ಟ ಕುದುರೆಯ ಕಾಲಿಗೂ ಹಗ್ಗ ಕಟ್ಟಿದಂತಿತ್ತು ಆ ಕೆಲವು ವರ್ಷಗಳ ವ್ಯವಸ್ಥೆ.

ಸ್ಪರ್ಧಿಗಳು ಕಂಡುಕೊಂಡ ದಾರಿಗಳು

ಒಪೆರಾ ಮಿನಿ 2010ರ ಏಪ್ರಿಲ್‌ನಲ್ಲಿ ಐಫೋನಿಗೆ ಬಂದದ್ದು ಅನೇಕರಿಗೆ ಆಶ್ಚರ್ಯ ತಂದಿತು. ಅದು ಪುಟವನ್ನು ಫೋನಿನೊಳಗೆ ಬಿಡಿಸುತ್ತಿರಲಿಲ್ಲ. ಕಂಪನಿಯ ಸರ್ವರುಗಳಲ್ಲಿ ಪುಟವನ್ನು ಸಿದ್ಧಪಡಿಸಿ, ಕುಗ್ಗಿಸಿದ ರೂಪದಲ್ಲಿ ಫೋನಿಗೆ ಕಳುಹಿಸುತ್ತಿತ್ತು. ಫೋನಿನಲ್ಲಿ ಎಂಜಿನ್ನೇ ಇಲ್ಲದುದರಿಂದ ನಿಯಮಭಂಗದ ಪ್ರಶ್ನೆ ಏಳಲಿಲ್ಲ.

ಮೊಜಿಲ್ಲಾ ಮೊದಲಿಗೆ ಪೂರ್ಣ ಬ್ರೌಸರನ್ನು ತರಲಿಲ್ಲ. ಬಳಕೆದಾರರು ತಮ್ಮ ಗಣಕದ ಫೈರ್‌ಫಾಕ್ಸ್‌ನಲ್ಲಿ ಉಳಿಸಿದ ಪುಟಗಳನ್ನು ಫೋನಿನಲ್ಲಿ ನೋಡಲು ನೆರವಾಗುವ ಫೈರ್‌ಫಾಕ್ಸ್ ಹೋಮ್ ಎಂಬ ಆ್ಯಪನ್ನು 2010ರಲ್ಲಿ ನೀಡಿ, 2012ರಲ್ಲಿ ಹಿಂತೆಗೆದುಕೊಂಡಿತು. ಗೆಕೊ ಇಲ್ಲದ ಫೈರ್‌ಫಾಕ್ಸ್‌ಗೆ ಅರ್ಥವಿಲ್ಲವೆಂಬ ನಿಲುವು ಆ ಸಂಸ್ಥೆಯಲ್ಲಿ ಹಲವು ವರ್ಷ ಇತ್ತು. ಕೊನೆಗೆ 2015ರ ನವೆಂಬರ್‌ನಲ್ಲಿ ವೆಬ್‌ಕಿಟ್ ಆಧಾರದ ಫೈರ್‌ಫಾಕ್ಸ್ ಐಫೋನಿಗೆ ಬಂದಿತು. ಗೂಗಲ್‌ಗೆ ಅಂತಹ ಸಂಕೋಚವಿರಲಿಲ್ಲ. ಐಫೋನಿನ ಕ್ರೋಮ್ 2012ರ ಜೂನ್‌ನಲ್ಲಿಯೇ ಬಂದಿತ್ತು. ಇವಾವುವನ್ನೂ ಬಳಕೆದಾರರು ತಮ್ಮ ಫೋನಿನ ಪೂರ್ವನಿಯೋಜಿತ ಬ್ರೌಸರನ್ನಾಗಿ ಆರಿಸಿಕೊಳ್ಳಲು 2020ರ ಐಒಎಸ್ 14ರವರೆಗೆ ಕಾಯಬೇಕಾಯಿತು.

ಪರಿಣಾಮಗಳು

ನಿರ್ಬಂಧದ ಪರಿಣಾಮ ಸ್ಪಷ್ಟವಾಗಿ ಕಾಣಿಸುವುದು ಎಂಜಿನ್ ಕೆಟ್ಟಾಗ. 2022ರ ಜನವರಿಯಲ್ಲಿ ಸಫಾರಿ 15ರಲ್ಲಿನ ಒಂದು ದೋಷ ಬೆಳಕಿಗೆ ಬಂದಿತು. ಜಾಲತಾಣಗಳು ಬಳಕೆದಾರರ ಸಾಧನದಲ್ಲಿ ಮಾಹಿತಿಯನ್ನು ಕೂಡಿಡಲು ಉಪಯೋಗಿಸುವ ಇಂಡೆಕ್ಸ್ಡ್‌ಡಿಬಿ ಎಂಬ ಉಗ್ರಾಣದ ಹೆಸರುಗಳು, ಸಂಬಂಧವೇ ಇಲ್ಲದ ಬೇರೆ ತಾಣಗಳಿಗೂ ಗೋಚರಿಸುತ್ತಿದ್ದವು. ಬಳಕೆದಾರರು ಯಾವ ಯಾವ ತಾಣಗಳಿಗೆ ಹೋಗುತ್ತಾರೆಂಬುದನ್ನು, ಕೆಲವು ಸಂದರ್ಭಗಳಲ್ಲಿ ಅವರ ಗುರುತನ್ನು ಸಹ, ಇದರಿಂದ ಊಹಿಸಬಹುದಾಗಿತ್ತು. ಮ್ಯಾಕ್ ಗಣಕಗಳಲ್ಲಿ ಪರಿಹಾರ ಸುಲಭವಿತ್ತು. ತಿದ್ದುಪಡಿ ಬರುವವರೆಗೆ ಬೇರೆ ಬ್ರೌಸರ್ ಬಳಸಿದರಾಯಿತು. ಐಫೋನಿನಲ್ಲಿ ಆ ದಾರಿ ಇರಲಿಲ್ಲ, ಏಕೆಂದರೆ ಕ್ರೋಮ್‌ಗೆ ಹೋದರೂ ಫೈರ್‌ಫಾಕ್ಸ್‌ಗೆ ಹೋದರೂ ಅದೇ ದೋಷ ಜೊತೆಯಲ್ಲಿಯೇ ಬರುತ್ತಿತ್ತು. ಐಒಎಸ್ 15.3ರಲ್ಲಿ ಆಪಲ್ ಅದನ್ನು ಸರಿಪಡಿಸುವವರೆಗೆ ಕಾಯುವುದೊಂದೇ ಉಳಿದಿತ್ತು. ವೆಬ್‌ಕಿಟ್‌ನ ತಿದ್ದುಪಡಿಗಳು ಸಾಮಾನ್ಯವಾಗಿ ಇಡೀ ಕಾರ್ಯಾಚರಣ ವ್ಯವಸ್ಥೆಯ ನವೀಕರಣದೊಂದಿಗೆ ಬರುತ್ತವೆಂಬುದನ್ನು ಇಲ್ಲಿ ನೆನೆಯಬೇಕು. ಹೊಸ ಐಒಎಸ್ ಆವೃತ್ತಿಯ ಬೆಂಬಲ ನಿಂತುಹೋದ ಹಳೆಯ ಫೋನಿನಲ್ಲಿ ಬೇರೆ ಬ್ರೌಸರ್ ಹಾಕಿಕೊಂಡರೂ ಎಂಜಿನ್ ಹಳೆಯದಾಗಿಯೇ ಉಳಿಯುತ್ತದೆ.

ಭಾರತೀಯ ಲಿಪಿಗಳಿಗೂ ಈ ವಿಷಯಕ್ಕೂ ಒಂದು ನಂಟಿದೆ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳನ್ನು ಸರಿಯಾದ ಸ್ಥಾನದಲ್ಲಿ ಕೂಡಿಸಿ ತೋರಿಸಲು ಬ್ಲಿಂಕ್ ಮತ್ತು ಗೆಕೊಗಳು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತವೆ; ಆಪಲ್ ಸಾಧನಗಳ ವೆಬ್‌ಕಿಟ್ ಆ ಕೆಲಸಕ್ಕೆ ಆಪಲ್‌ನ ಕೋರ್ ಟೆಕ್ಸ್ಟ್ ಎಂಬ ವ್ಯವಸ್ಥೆಯನ್ನು ನೆಚ್ಚಿಕೊಂಡಿದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ಜ್ಞಾ ಅಕ್ಷರದ ಒಂದು ವಿಶಿಷ್ಟ ಸಂಯೋಜನೆಯನ್ನು ತೋರಿಸಲು ಹೋಗಿ ಐಫೋನಿನ ಆ್ಯಪ್‌ಗಳು ಸ್ಥಗಿತಗೊಳ್ಳುತ್ತಿದ್ದ ಪ್ರಕರಣಕ್ಕೆ ಕಾರಣ ಕೋರ್ ಟೆಕ್ಸ್ಟ್‌ನಲ್ಲಿದ್ದ ದೋಷ, ಐಒಎಸ್ 11.2.6ರಲ್ಲಿ ಅದು ಸರಿಹೋಯಿತು. ಅದು ಬ್ರೌಸರ್ ಎಂಜಿನ್ನಿನ ತಪ್ಪಾಗಿರಲಿಲ್ಲ. ಆದರೂ ಅಕ್ಷರ ಜೋಡಣೆಯ ದೋಷವೊಂದು ಕಂಡುಬಂದಾಗ ಆಂಡ್ರಾಯ್ಡ್‌ನ ಓದುಗರು ಬೇರೊಂದು ಎಂಜಿನ್ನಿನಲ್ಲಿ ಪುಟವನ್ನು ತೆರೆದು ನೋಡಬಹುದು. ಐಫೋನಿನ ಓದುಗರಿಗೆ ಎಲ್ಲ ಬ್ರೌಸರುಗಳಲ್ಲಿಯೂ ಒಂದೇ ಮುದ್ರಣ.

ಹೊಸ ಸೌಲಭ್ಯಗಳ ವಿಳಂಬ ಮತ್ತೊಂದು ದೂರು. ಜಾಲತಾಣವೊಂದು ಮುಚ್ಚಿರುವಾಗಲೂ ಬಳಕೆದಾರರಿಗೆ ಸೂಚನೆ ಕಳುಹಿಸುವ ಅನುಕೂಲ ಕ್ರೋಮ್‌ನಲ್ಲಿ 2015ರಲ್ಲಿ, ಫೈರ್‌ಫಾಕ್ಸ್‌ನಲ್ಲಿ 2016ರಲ್ಲಿ ಬಂದಿತು. ಐಫೋನಿಗೆ ಅದು ಬಂದದ್ದು 2023ರ ಮಾರ್ಚ್‌ನಲ್ಲಿ, ಐಒಎಸ್ 16.4ರೊಡನೆ, ಅದೂ ಮುಖಪರದೆಗೆ ಸೇರಿಸಿಕೊಂಡ ತಾಣಗಳಿಗೆ ಮಾತ್ರ. ಇದರ ಹಿಂದೆ ಹಣದ ಲೆಕ್ಕವಿದೆಯೆಂದು ಟೀಕಾಕಾರರು ಹೇಳುತ್ತಾರೆ. ಆ್ಯಪ್ ಸ್ಟೋರಿನ ಮಾರಾಟದಲ್ಲಿ ಆಪಲ್ ಶೇಕಡಾ 30ರವರೆಗೆ ದಲ್ಲಾಳಿ ಪಡೆಯುತ್ತದೆ. ಜಾಲದ ಮೂಲಕವೇ ನಡೆಯುವ ಆ್ಯಪ್‌ಗಳಿಂದ ಅದಕ್ಕೆ ಏನೂ ದೊರೆಯದು. ಇದಲ್ಲದೆ ಸಫಾರಿಯಲ್ಲಿ ಗೂಗಲ್ ಶೋಧವನ್ನು ಪೂರ್ವನಿಯೋಜಿತವಾಗಿ ಇರಿಸಿದ್ದಕ್ಕಾಗಿ ಗೂಗಲ್ 2022ರಲ್ಲಿ ಆಪಲ್‌ಗೆ 20 ಶತಕೋಟಿ ಡಾಲರ್ ಪಾವತಿಸಿತೆಂಬುದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ಹೊರಬಿದ್ದಿದೆ. ಬ್ರೌಸರ್ ರಂಗದ ಎರಡು ದೊಡ್ಡ ಎದುರಾಳಿಗಳ ನಡುವೆ ಇಷ್ಟು ಹಣ ಹರಿದಾಡುವಾಗ ಐಫೋನಿನಲ್ಲಿ ಅವು ಹುರುಪಿನಿಂದ ಸೆಣಸುವ ಪ್ರೇರಣೆ ಕುಗ್ಗುತ್ತದೆ ಎಂಬುದು ಬ್ರಿಟನ್ನಿನ ನಿಯಂತ್ರಕರ ಅಭಿಪ್ರಾಯ.

ಸಮರ್ಥನೆ ಮತ್ತು ಆಕ್ಷೇಪ

ಆಪಲ್ ಮುಂದಿಡುವ ಮುಖ್ಯ ಸಮರ್ಥನೆ ಭದ್ರತೆಯದು. ಅಪರಿಚಿತರು ಬರೆದ ಸಂಕೇತವನ್ನು ದಿನವಿಡೀ ತಂದು ಚಲಾಯಿಸುವ ತಂತ್ರಾಂಶ ಬ್ರೌಸರ್ ಒಂದೇ. ಜಿಟ್ ಅನುವಾದಕ್ಕೆ ಬೇಕಾದ ಅನುಮತಿ ದಾಳಿಕೋರರಿಗೂ ಪ್ರಿಯವಾದ ಬಾಗಿಲು. ಎಲ್ಲ ಬ್ರೌಸರುಗಳೂ ಒಂದೇ ಎಂಜಿನ್ ಬಳಸಿದರೆ ಒಂದೇ ತಿದ್ದುಪಡಿಯಿಂದ ಎಲ್ಲರಿಗೂ ರಕ್ಷಣೆ ದೊರೆಯುತ್ತದೆ, ಬ್ಯಾಟರಿಯ ಬಳಕೆಯೂ ಖಾಸಗಿತನವೂ ಹತೋಟಿಯಲ್ಲಿರುತ್ತವೆ ಎಂಬುದು ಕಂಪನಿಯ ವಾದ. ಹೆಚ್ಚಿನ ಅಪಾಯದಲ್ಲಿರುವವರಿಗಾಗಿ 2022ರಲ್ಲಿ ತಂದ ಲಾಕ್‌ಡೌನ್ ವಿಧಾನದಲ್ಲಿ ಆಪಲ್ ವೆಬ್‌ಕಿಟ್‌ನ ಜಿಟ್ಟನ್ನೇ ನಿಲ್ಲಿಸುತ್ತದೆ ಎಂಬುದನ್ನು ನೋಡಿದರೆ ಈ ಆತಂಕ ಬರಿಯ ನೆಪವಲ್ಲ. ಆದರೆ ಅದೇ ಆಪಲ್ ತಯಾರಿಸುವ ಮ್ಯಾಕ್ ಗಣಕಗಳಲ್ಲಿ ಗೆಕೊ, ಬ್ಲಿಂಕ್‌ಗಳೆರಡೂ ಯಾವ ಅಡ್ಡಿಯೂ ಇಲ್ಲದೆ ನಡೆಯುತ್ತಿವೆ. ಒಂದೇ ಎಂಜಿನ್ ಎಂದರೆ ಒಂದೇ ದೋಷಕ್ಕೆ ಎಲ್ಲರೂ ಗುರಿ ಎಂಬ ಮರುವಾದವನ್ನು 2022ರ ಪ್ರಸಂಗ ಸಮರ್ಥಿಸುತ್ತದೆ.

ಇನ್ನೊಂದು ವಾದ ಆಪಲ್‌ನ ಹೊರಗಿನಿಂದಲೂ ಕೇಳಿಬರುತ್ತದೆ, ಮತ್ತು ಅದಕ್ಕೆ ಉತ್ತರಿಸುವುದು ಅಷ್ಟು ಸುಲಭವಲ್ಲ. 2020ರಿಂದ ಎಡ್ಜ್ ಕೂಡ ಗೂಗಲ್‌ನ ಕ್ರೋಮಿಯಂ ಅಡಿಪಾಯಕ್ಕೆ ಸರಿದ ಮೇಲೆ ಗಣಕಗಳಲ್ಲಿಯೂ ಆಂಡ್ರಾಯ್ಡ್‌ನಲ್ಲಿಯೂ ಬ್ಲಿಂಕ್‌ನದೇ ಮೇಲುಗೈ. ಜಾಲತಾಣ ರಚಿಸುವವರು ಕ್ರೋಮ್ ಒಂದರಲ್ಲಿ ಪರೀಕ್ಷಿಸಿ ಕೈತೊಳೆದುಕೊಳ್ಳದಂತೆ ತಡೆದಿರುವುದು ಬಹುಮಟ್ಟಿಗೆ ಐಫೋನ್ ಬಳಕೆದಾರರು. ನಿರ್ಬಂಧ ತೆಗೆದರೆ ಐಫೋನಿಗೂ ಬ್ಲಿಂಕ್ ನುಗ್ಗಿ, ಒಂದು ಏಕಸ್ವಾಮ್ಯದ ಜಾಗದಲ್ಲಿ ಇನ್ನೂ ದೊಡ್ಡ ಏಕಸ್ವಾಮ್ಯ ಕುಳಿತೀತು ಎಂಬ ಭಯ ಇಲ್ಲಿದೆ. ನಿಷೇಧದ ಬಲದಿಂದ ಉಳಿದ ಎಂಜಿನ್‌ಗೆ ಸುಧಾರಿಸುವ ಒತ್ತಡ ಇರುವುದಿಲ್ಲ, ಮೇಲಾಗಿ ಅದೇ ನಿಷೇಧ ಮೊಜಿಲ್ಲಾದ ಗೆಕೊವನ್ನೂ ಹೊರಗಿಟ್ಟಿದೆ ಎಂಬುದು ನಿರ್ಬಂಧ ವಿರೋಧಿಗಳ ಪ್ರತ್ಯುತ್ತರ. ಅಂತಹ ವಿರೋಧಿಗಳಲ್ಲಿ 2022ರಲ್ಲಿ ಜಾಲ ಅಭಿವೃದ್ಧಿಕಾರರು ಕಟ್ಟಿಕೊಂಡ ಓಪನ್ ವೆಬ್ ಅಡ್ವೊಕೆಸಿ ಎಂಬ ಸಂಘಟನೆ ಪ್ರಮುಖವಾದುದು.

ಇತರ ವ್ಯವಸ್ಥೆಗಳು

ಆಂಡ್ರಾಯ್ಡ್‌ನಲ್ಲಿ ಎಂಜಿನ್ ನಿಷೇಧವಿಲ್ಲ. ಫೈರ್‌ಫಾಕ್ಸ್ ಅಲ್ಲಿ ಗೆಕೊವನ್ನೇ ಬಳಸುತ್ತದೆ. ಕ್ರೋಮನ್ನು ಮೊದಲೇ ಅಳವಡಿಸಿ ಕೊಡುವ ಒಪ್ಪಂದಗಳ ಕುರಿತು ಮಾತ್ರ ಅಲ್ಲಿ ವಿವಾದವಿದೆ. ಐಒಎಸ್‌ಗೆ ಹೋಲುವ ಪೂರ್ವನಿದರ್ಶನ ಮೈಕ್ರೋಸಾಫ್ಟ್ 2012ರಲ್ಲಿ ತಂದ ವಿಂಡೋಸ್ ಆರ್‌ಟಿ. ಪೂರ್ಣ ಬ್ರೌಸರಿಗೆ ಅಗತ್ಯವಾದ ಸವಲತ್ತುಗಳು ಅದರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಮಾತ್ರ ಲಭ್ಯವಿದ್ದು, ಮೊಜಿಲ್ಲಾ ಬಹಿರಂಗವಾಗಿ ಪ್ರತಿಭಟಿಸಿತ್ತು. ಆ ವ್ಯವಸ್ಥೆ ಮಾರುಕಟ್ಟೆಯಲ್ಲಿ ಸೋತದ್ದರಿಂದ ವಿವಾದ ಬೆಳೆಯಲಿಲ್ಲ.

ಕಾನೂನು ಕ್ರಮಗಳು

ಯುರೋಪಿಯನ್ ಒಕ್ಕೂಟದ ಡಿಜಿಟಲ್ ಮಾರುಕಟ್ಟೆಗಳ ಕಾಯಿದೆಯು 2022ರಲ್ಲಿ ಅಂಗೀಕಾರವಾಯಿತು. ಅದರ 5ನೇ ವಿಧಿಯ 7ನೇ ಉಪವಿಧಿಯು, ದ್ವಾರಪಾಲಕರೆಂದು ಗುರುತಿಸಲಾದ ದೊಡ್ಡ ಕಂಪನಿಗಳು ತಮ್ಮ ಬ್ರೌಸರ್ ಎಂಜಿನ್ನನ್ನೇ ಬಳಸಬೇಕೆಂದು ಒತ್ತಾಯಿಸುವಂತಿಲ್ಲ ಎನ್ನುತ್ತದೆ. 2023ರ ಸೆಪ್ಟೆಂಬರ್ 6ರಂದು ಆಪಲ್ ಆ ಪಟ್ಟಿಗೆ ಸೇರಿತು. 2024ರ ಮಾರ್ಚ್‌ನಲ್ಲಿ ಬಂದ ಐಒಎಸ್ 17.4ರಲ್ಲಿ ಯುರೋಪಿನ ಮಟ್ಟಿಗೆ ಬೇರೆ ಎಂಜಿನ್‌ಗಳಿಗೆ ಅವಕಾಶವನ್ನೂ ಅದಕ್ಕೆ ಬೇಕಾದ ಬ್ರೌಸರ್‌ಎಂಜಿನ್‌ಕಿಟ್ ಎಂಬ ಚೌಕಟ್ಟನ್ನೂ ಒದಗಿಸಲಾಯಿತು.

ಅವಕಾಶದ ಜೊತೆಗೆ ಷರತ್ತುಗಳೂ ಬಂದವು. ಎಂಜಿನ್ ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಎಂಬ ಪರೀಕ್ಷಾಮಾಲೆಯಲ್ಲಿ ಶೇಕಡಾ 90, ಟೆಸ್ಟ್262ರಲ್ಲಿ ಶೇಕಡಾ 80 ಉತ್ತೀರ್ಣವಾಗಬೇಕು. ಇವು ಅಷ್ಟೇನೂ ಕಠಿಣವಲ್ಲ. ನಿಜವಾದ ತೊಡಕು ಇದ್ದದ್ದು, ಹೊಸ ಎಂಜಿನ್ನಿನ ಬ್ರೌಸರನ್ನು ಯುರೋಪಿಗೆ ಮಾತ್ರ ಸೀಮಿತವಾದ ಪ್ರತ್ಯೇಕ ಆ್ಯಪ್ ಆಗಿ ತರಬೇಕೆಂಬಲ್ಲಿ. ಅಂದರೆ ಈಗಾಗಲೇ ಇರುವ ಬಳಕೆದಾರರನ್ನು ಹೊಸ ಆ್ಯಪ್‌ಗೆ ಮತ್ತೆ ಒಬ್ಬೊಬ್ಬರನ್ನಾಗಿ ಕರೆತರಬೇಕು, ಲೋಕದ ಉಳಿದ ಭಾಗಕ್ಕಾಗಿ ಹಳೆಯದನ್ನೂ ಸಾಕಬೇಕು. ಎರಡೆರಡು ಬ್ರೌಸರುಗಳನ್ನು ನಿಭಾಯಿಸುವ ಈ ಹೊರೆಯನ್ನು ಮೊಜಿಲ್ಲಾ ಕಟುವಾಗಿ ಟೀಕಿಸಿತು. ಗೂಗಲ್ ಮತ್ತು ಮೊಜಿಲ್ಲಾಗಳು 2023ರಲ್ಲಿಯೇ ತಮ್ಮ ಎಂಜಿನ್‌ಗಳನ್ನು ಐಒಎಸ್‌ನಲ್ಲಿ ಪ್ರಯೋಗಾರ್ಥವಾಗಿ ಓಡಿಸಿ ನೋಡಿದ್ದವಾದರೂ, ಕಾಯಿದೆ ಜಾರಿಯಾಗಿ ಒಂದು ವರ್ಷ ಕಳೆದ ಮೇಲೂ ಅವುಗಳ ಯಾವ ಬ್ರೌಸರೂ ಸ್ವಂತ ಎಂಜಿನ್ನಿನೊಡನೆ ಯುರೋಪಿನ ಐಫೋನುಗಳಿಗೆ ಬಂದಿರಲಿಲ್ಲ.

ಇದೇ ಸಮಯದಲ್ಲಿ ಮತ್ತೊಂದು ಘಟನೆ ನಡೆಯಿತು. ಬೇರೆ ಎಂಜಿನ್‌ಗಳೊಡನೆ ಸುರಕ್ಷಿತವಾಗಿ ಹೊಂದಿಸುವುದು ಕಷ್ಟವೆಂಬ ಕಾರಣ ನೀಡಿ, ಮುಖಪರದೆಗೆ ಸೇರಿಸುವ ಜಾಲ ಆ್ಯಪ್‌ಗಳ ಸೌಲಭ್ಯವನ್ನು ಯುರೋಪಿನಲ್ಲಿ ಪೂರ್ತಿಯಾಗಿ ತೆಗೆದುಹಾಕುವುದಾಗಿ ಆಪಲ್ 2024ರ ಫೆಬ್ರವರಿಯಲ್ಲಿ ಹೇಳಿತು. ಪ್ರತಿಭಟನೆ ಎದ್ದ ಮೇಲೆ ಮಾರ್ಚ್ 1ರಂದು ನಿರ್ಧಾರವನ್ನು ಹಿಂತೆಗೆದುಕೊಂಡಿತು. ಆದರೆ ಆ ಆ್ಯಪ್‌ಗಳು ವೆಬ್‌ಕಿಟ್‌ನಲ್ಲಿಯೇ ನಡೆಯುವುವೆಂದು ಸ್ಪಷ್ಟಪಡಿಸಿತು.

ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆಗಳ ಪ್ರಾಧಿಕಾರವು 2022ರ ನವೆಂಬರ್‌ನಲ್ಲಿ ಮೊಬೈಲ್ ಬ್ರೌಸರುಗಳ ಕುರಿತ ವಿಚಾರಣೆಯನ್ನು ಆರಂಭಿಸಿತು. ವಿಚಾರಣೆಗೆ ನಿಗದಿಯಾದ ಕಾಲಮಿತಿ ಮೀರಿದೆಯೆಂದು ಆಪಲ್ ಆಕ್ಷೇಪಿಸಿ, 2023ರ ಮಾರ್ಚ್‌ನಲ್ಲಿ ನ್ಯಾಯಮಂಡಳಿಯಲ್ಲಿ ಗೆದ್ದಿತು. ಅದೇ ವರ್ಷದ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿದ್ದರಿಂದ ವಿಚಾರಣೆ ಮತ್ತೆ ಮುಂದುವರಿದು, 2025ರ ಮಾರ್ಚ್ 12ರಂದು ಅಂತಿಮ ನಿರ್ಣಯ ಹೊರಬಂದಿತು. ಆಪಲ್‌ನ ನೀತಿಗಳು ಐಫೋನ್ ಬ್ರೌಸರುಗಳ ಹೊಸತನವನ್ನು ಹಿಡಿದಿಟ್ಟಿವೆ ಎಂಬುದು ಅದರ ತೀರ್ಮಾನ. 2025ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರವು ಆಪಲ್, ಗೂಗಲ್‌ಗಳೆರಡಕ್ಕೂ ಮೊಬೈಲ್ ವೇದಿಕೆಗಳಲ್ಲಿ ಆಯಕಟ್ಟಿನ ಮಾರುಕಟ್ಟೆ ಸ್ಥಾನವಿದೆಯೆಂದು ಘೋಷಿಸಿತು. ಇದರಿಂದ ನಿರ್ದಿಷ್ಟ ಆದೇಶಗಳನ್ನು ಹೊರಡಿಸುವ ಅಧಿಕಾರ ಅದಕ್ಕೆ ದೊರೆಯಿತು.

ಜಪಾನಿನ ಸಂಸತ್ತು 2024ರ ಜೂನ್‌ನಲ್ಲಿ ಸ್ಮಾರ್ಟ್‌ಫೋನ್ ತಂತ್ರಾಂಶಗಳ ಸ್ಪರ್ಧೆಗೆ ಸಂಬಂಧಿಸಿದ ಕಾಯಿದೆಯನ್ನು ಅಂಗೀಕರಿಸಿತು. 2025ರ ಡಿಸೆಂಬರ್ 18ರಿಂದ ಅದು ಪೂರ್ಣವಾಗಿ ಜಾರಿಗೆ ಬಂದಿದೆ. ಅಮೆರಿಕದ ನ್ಯಾಯ ಇಲಾಖೆಯು 2024ರ ಮಾರ್ಚ್ 21ರಂದು ಆಪಲ್ ವಿರುದ್ಧ ಹೂಡಿದ ಏಕಸ್ವಾಮ್ಯ ಮೊಕದ್ದಮೆಯಲ್ಲಿಯೂ ವೆಬ್‌ಕಿಟ್ ಕಡ್ಡಾಯದ ಪ್ರಸ್ತಾಪವಿದೆ.

ಭಾರತದಲ್ಲಿ

ಭಾರತದ ಮೊಬೈಲ್ ಬಳಕೆದಾರರಲ್ಲಿ ಬಹುಪಾಲು ಜನ ಆಂಡ್ರಾಯ್ಡ್‌ನವರಾದ ಕಾರಣ ಇಲ್ಲಿನ ಬ್ರೌಸರ್ ಚರ್ಚೆ ಗೂಗಲ್‌ನ ಸುತ್ತಲೇ ನಡೆದಿದೆ. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದಾಗ, ಒಂದೇ ಕಾರ್ಯಾಚರಣ ವ್ಯವಸ್ಥೆಗೆ ಸೀಮಿತವಲ್ಲದ ಮೊಬೈಲ್ ಬ್ರೌಸರುಗಳನ್ನು ಒಂದು ಪ್ರತ್ಯೇಕ ಮಾರುಕಟ್ಟೆಯೆಂದು ಪರಿಗಣಿಸಿತ್ತು. ಸಫಾರಿ ಆ ವ್ಯಾಖ್ಯೆಯ ಹೊರಗೆ ಉಳಿಯಿತು. ಆಪಲ್ ವಿರುದ್ಧ ಆಯೋಗವು 2021ರ ಡಿಸೆಂಬರ್ 31ರಂದು ಆದೇಶಿಸಿದ ತನಿಖೆ ಆ್ಯಪ್ ಸ್ಟೋರ್ ಹಾಗೂ ಅದರ ಪಾವತಿ ನಿಯಮಗಳಿಗೆ ಸಂಬಂಧಿಸಿದ್ದು. ಡಿಜಿಟಲ್ ಸ್ಪರ್ಧಾ ಕಾನೂನು ಸಮಿತಿಯ ವರದಿಯೊಡನೆ ಕರಡು ಮಸೂದೆಯೊಂದು 2024ರ ಮಾರ್ಚ್‌ನಲ್ಲಿ ಪ್ರಕಟವಾಗಿ ಸಾರ್ವಜನಿಕರ ಅಭಿಪ್ರಾಯಕ್ಕೆ ತೆರೆದುಕೊಂಡಿತು. ಯುರೋಪಿನ ಕಾಯಿದೆಯ ಹಾಗೆ ದೊಡ್ಡ ಕಂಪನಿಗಳನ್ನು ಮುಂಚಿತವಾಗಿಯೇ ಗುರುತಿಸಿ ಕಟ್ಟುಪಾಡು ವಿಧಿಸುವ ಆಶಯ ಅದರಲ್ಲಿತ್ತು.